ಹೊಲ, ದನ, ಅಡುಗೆ, ಮಕ್ಕಳು: ಇಷ್ಟೇ ಆಗಿದ್ದ ಅಜ್ಜಿಯ ಬದುಕನ್ನು ಹೇಗೆ ಬರೆಯುವುದು?

ನಿಮ್ಮ ತೊಡಕು ನನಗೆ ಅರ್ಥವಾದದ್ದು ಹೀಗೆ: ತೊಂಬತ್ತು ದಾಟಿದ ಅಜ್ಜಿ ತೀರಿಕೊಂಡಿದ್ದಾರೆ. ವರ್ಷದ ತಿಥಿಯ ಹೊತ್ತಿಗೆ ಅವರ ಬದುಕನ್ನು ಬರೆದು ಮನೆಮಂದಿಗೆ ಹಂಚಬೇಕೆಂದಿದ್ದೀರಿ. ‘ಕಷ್ಟಜೀವಿ, ಸಹನಾಮೂರ್ತಿ’ ಎಂದು ಬರೆದ ಮೇಲೆ ಕೈ ಮುಂದೆ ಓಡುತ್ತಿಲ್ಲ. ‘ಹೊಲ, ದನ, ಅಡುಗೆ, ಮಕ್ಕಳು ಬಿಟ್ಟರೆ ಅವರು ಬೇರೇನೂ ಮಾಡಲಿಲ್ಲ, ಏನು ಬರೆಯಲಿ?’ ಎಂದೂ ಕೇಳಿದ್ದೀರಿ.

ಆ ನಾಲ್ಕನ್ನೇ ಬರೆಯಿರಿ. ಗುಣ ಬಿಡಿ, ಕೆಲಸ ಬರೆಯಿರಿ. ತುಮಕೂರು ಸೀಮೆಯ ಮಳೆಯಾಶ್ರಿತ ಬೆದ್ದಲಿನಲ್ಲಿ ರಾಗಿ ಬೆಳೆದು ಬಾಳಿದ ನಮ್ಮ ಅವ್ವನ ಬಗ್ಗೆ ನಾನೂ ಬರೆದಿದ್ದೇನೆ. ಅವಳು ಸಹನಾಮೂರ್ತಿಯೇನೂ ಆಗಿರಲಿಲ್ಲ. ಕಳೆ ಕೀಳುವಾಗ ರಾಗಿ ಪೈರನ್ನೂ ಕಿತ್ತವರಿಗೆ ಅವಳಿಂದ ಬೀಳುತ್ತಿದ್ದ ಬೈಗುಳ ಪಕ್ಕದ ಹೊಲಕ್ಕೂ ಕೇಳಿಸುತ್ತಿತ್ತು. ‘ಸಹನಾಮೂರ್ತಿ’ ಎಂದು ಬರೆದುಬಿಟ್ಟರೆ ಜಿಲ್ಲೆಯ ಯಾವ ಮುದುಕಿಯ ಫೋಟೊ ಅಂಟಿಸಿದರೂ ನಡೆಯುತ್ತದೆ.

ಮೊದಲು ಕಾಲದ ಲೆಕ್ಕ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿದ್ದರೆ ನಂಬಬೇಡಿ. ದಿನಾಂಕ ಗೊತ್ತಿಲ್ಲದವರಿಗೆ ಹಾಗೆ ಬರೆಯುವುದು ರೂಢಿ. ಅವರ ಕಾಲದವರು ಇಸವಿ ಹೇಳುವುದಿಲ್ಲ, ನಡೆದ ಸಂಗತಿ ಹೇಳುತ್ತಾರೆ. ಮದುವೆಯಾದಾಗ ಆಣೆ ಇತ್ತೋ ನಯಾಪೈಸೆ ಬಂದಿತ್ತೋ? ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಗೋಡೆಗೆ ಡಿಡಿಟಿ ಹೊಡೆಯುವವರು ಬಂದಾಗ ಯಾವ ಮಗು ಕಂಕುಳಲ್ಲಿತ್ತು? ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ತಿಂಗಳು ಬೇಕಿದ್ದರೆ ಮಳೆ ನಕ್ಷತ್ರ ಕೇಳಿ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. ಆರಿದ್ರಾ ಎಂದರೆ ಜೂನ್ ಕೊನೆಯಿಂದ ಜುಲೈ ಮೊದಲ ವಾರ, ಮಘೆ ಎಂದರೆ ಆಗಸ್ಟ್ ಎರಡನೆಯ ಭಾಗ, ಸ್ವಾತಿ ಎಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರ. ನನ್ನ ಅಕ್ಕ ಹುಟ್ಟಿದ್ದು ಸ್ವಾತಿ ಮಳೆಯಲ್ಲಿ ಎಂದು ಅವ್ವ ಹೇಳುತ್ತಿದ್ದಳು. ಅಕ್ಕನ ಶಾಲೆಯ ದಾಖಲೆಯಲ್ಲಿ ಜೂನ್ ಎಂದಿದೆ. ನಾನು ಅವ್ವನ ಲೆಕ್ಕವನ್ನೇ ಒಪ್ಪಿಕೊಂಡೆ.

ಇನ್ನು ಹೊಲ. ಇಲ್ಲಿ ನಿಧಾನವಾಗಿ ಬರೆಯಿರಿ, ಏಕೆಂದರೆ ಅವರ ಬುದ್ಧಿ ಕಾಣುವುದು ಇಲ್ಲೇ. ನಮ್ಮಲ್ಲಿ ಹೂಡುವುದು, ಬಿತ್ತುವುದು ಅಪ್ಪನದು. ಬಿತ್ತುವುದಕ್ಕೆ ಬೀಜ ಇದೆಯೋ ಇಲ್ಲವೋ ಎಂಬುದು ಅವ್ವನದು. ಕೊಯ್ಲಿಗೆ ಮೊದಲೇ ಹೊಲದೊಳಗೆ ನಡೆದು, ತುಂಬಿದ ತೆನೆಗಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡು ಬಂದು, ಬೇರೆಯಾಗಿಯೇ ಬಡಿದು ಇಡುತ್ತಿದ್ದಳು. ಅವರೆ, ತೊಗರಿ ಬೀಜಕ್ಕೆ ಕೆಮ್ಮಣ್ಣು ಕಟ್ಟಿ ಒಣಗಿಸಿ, ಬೂದಿ ಬೆರೆಸಿ ಮಡಕೆಗೆ ತುಂಬಿ ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ರಾಗಿಯ ನಡುವೆ ಅಕ್ಕಡಿ (ಮಿಶ್ರ ಬೆಳೆಯ) ಸಾಲಿಗೆ ಏನು ಬೀಳಬೇಕು, ಎಷ್ಟು ಅವರೆ, ಎಷ್ಟು ಹುಚ್ಚೆಳ್ಳು, ಅಂಚಿಗೆ ಹರಳು (ಔಡಲ) ಬೇಕೇ ಎಂಬುದನ್ನೂ ಅವಳೇ ತೀರ್ಮಾನಿಸುತ್ತಿದ್ದಳು. ರಾಗಿ ಕೈಕೊಟ್ಟ ವರ್ಷ ಮನೆ ನಡೆದದ್ದು ಆ ಸಾಲುಗಳಿಂದ. ಇಂಡಾಫ್ ಎಂಬ ಹೊಸ ರಾಗಿ ತಳಿ ನಮ್ಮೂರಿಗೆ ಬಂದಾಗ ಅಪ್ಪ ಇಡೀ ಹೊಲಕ್ಕೆ ಅದನ್ನೇ ಬಿತ್ತಲು ಹೊರಟಿದ್ದ. ಹಳೆಯ ರಾಗಿಗೂ ಒಂದು ತುಂಡು ಹೊಲ ಬಿಡದಿದ್ದರೆ ಕಣ ಸಾರಿಸುವುದಿಲ್ಲ ಎಂದು ಅವ್ವ ಹಟ ಹಿಡಿದಳು. ಹಟಕ್ಕೆ ಕಾರಣ ಹುಲ್ಲು. ಕಾಳು ಹೆಚ್ಚಾದರೆ ಸಾಕೇ, ದನ ಏನು ತಿನ್ನಬೇಕು ಎಂಬುದು ಅವಳ ಪ್ರಶ್ನೆ.

ಹಗೇವು ನಿಮ್ಮ ಮನೆಯಲ್ಲೂ ಇದ್ದಿರಬಹುದು. ನೆಲದೊಳಗಿನ ಆ ಕಣಜವನ್ನು ತೆರೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಬಾಯಿ ತೆಗೆದು ಆರಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಬಿಟ್ಟು, ಅದು ನಂದದೆ ಉರಿದರೆ ಮಾತ್ರ ಮನುಷ್ಯರು ಇಳಿಯಬೇಕು. ನಮ್ಮ ಕೇರಿಯಲ್ಲಿ ಯಾರ ಮನೆಯ ಹಗೇವು ತೆರೆದರೂ ಅವ್ವ ‘ಸರಿ’ ಎನ್ನುವವರೆಗೆ ಯಾರೂ ಇಳಿಯುತ್ತಿರಲಿಲ್ಲ. ಇದನ್ನು ನನಗೆ ಹೇಳಿದ್ದು ಅವಳ ಮುಯ್ಯಾಳು (ಹೊಲದ ಕೆಲಸಕ್ಕೆ ಬದಲು ಕೆಲಸ ಮಾಡಿಕೊಡುವವರು) ಒಬ್ಬರು. ಮಕ್ಕಳಾದ ನಮಗೆ ಗೊತ್ತೇ ಇರಲಿಲ್ಲ. ಮಕ್ಕಳಿಗೆ ಗೊತ್ತಿರುವುದು ಮುದ್ದೆ, ಸಾರು, ಏಟು. ಅವಳ ಕೈ ಎಷ್ಟು ಚುರುಕು, ಸಾಲಿನಲ್ಲಿ ಅವಳು ಮುಂದೋ ಹಿಂದೋ, ಯಾವ ಹಾಡು ಎತ್ತುತ್ತಿದ್ದಳು, ಯಾರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದಳು, ಇವೆಲ್ಲ ಅವಳ ಪಕ್ಕದಲ್ಲಿ ಬಗ್ಗಿ ದುಡಿದ ಹೆಂಗಸರಿಗೆ ಗೊತ್ತು.

ಕಾಗದಪತ್ರಗಳಲ್ಲಿ ಅವರು ಸಿಗುವುದು ಕಡಿಮೆ, ಆದರೂ ಹುಡುಕಿ. ಜನಗಣತಿಯಲ್ಲಿ ವರ್ಷಕ್ಕೆ 183 ದಿನವಾದರೂ ದುಡಿದವರು ‘ಮುಖ್ಯ ದುಡಿಮೆಗಾರರು’. ಅವ್ವ ಅಷ್ಟನ್ನು ಗೌರಿಹಬ್ಬದೊಳಗೇ ಮುಗಿಸುತ್ತಿದ್ದಳು. ಗಣತಿಯವರಿಗೆ ಜಗಲಿಯಲ್ಲಿ ಕೂತ ಅಪ್ಪ ಹೇಳುತ್ತಿದ್ದದ್ದು ‘ಮನೆಗೆಲಸ’ ಎಂದು. ಪಹಣಿಗೆ ಅವಳ ಹೆಸರು ಬಂದದ್ದು ಅಪ್ಪ ಸತ್ತು ಪೌತಿ ಖಾತೆ ಆದಾಗ. ಅದಕ್ಕೂ ಮೊದಲು ಹೆಸರು ಇದ್ದದ್ದು ಹಾಲಿನ ಡೇರಿಯ ಪುಸ್ತಕದಲ್ಲಿ. ಆ ಪುಸ್ತಕ ಸಿಕ್ಕರೆ ಬಿಡಬೇಡಿ. ಹಸು ಯಾವಾಗ ಕರು ಹಾಕಿತು, ಯಾವ ತಿಂಗಳು ಬತ್ತಿತು, ಸಾಲ ಎಷ್ಟು ಮುರಿದುಕೊಂಡರು ಎಂಬುದೆಲ್ಲ ಅದರಲ್ಲಿರುತ್ತದೆ. ನನ್ನ ಕಾಲೇಜಿನ ಫೀಸು ಎಲ್ಲಿಂದ ಬಂತೆಂಬುದು ನನಗೆ ತಿಳಿದದ್ದು ಅದರಿಂದಲೇ.

ಚುಚ್ಚುವ ಸಂಗತಿಗಳನ್ನು ಮುಚ್ಚಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ರಾಜ್ಯ ತಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ 2005ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ನಮ್ಮ ಮನೆಯಲ್ಲಿ ಭಾಗದ ಮಾತು ಬಂದಾಗ ಅಕ್ಕಂದಿರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದವಳು ಅವ್ವನೇ. ‘ನಾನು ತವರಲ್ಲಿ ಕೇಳಿದೆನಾ?’ ಎಂಬ ಒಂದೇ ಮಾತಿನಲ್ಲಿ ಮುಗಿಸಿದಳು. ದೊಡ್ಡಕ್ಕ ಇದನ್ನು ಇಂದಿಗೂ ಮರೆತಿಲ್ಲ. ಬರೆಯಬೇಡ ಎಂದು ಅಣ್ಣ ಹೇಳಿದ, ಬರಿ ಎಂದು ಅಕ್ಕ ಹೇಳಿದಳು. ಬರೆದೆ.

ಉಳಿಯದ ಮಕ್ಕಳ ಬಗ್ಗೆಯೂ ಕೇಳಿ ತಿಳಿದುಕೊಳ್ಳಿ. ‘ಎಷ್ಟು ಮಕ್ಕಳು’ ಎಂದರೆ ಬದುಕಿರುವವರ ಲೆಕ್ಕ ಸಿಗುತ್ತದೆ. ‘ಎಷ್ಟು ಹೆರಿಗೆ’ ಎಂದು ಅಜ್ಜಿಯ ತಂಗಿಯನ್ನೋ ನಾದಿನಿಯನ್ನೋ ಕೇಳಿ. ನನಗಿಂತ ಮೊದಲು ಹುಟ್ಟಿ ಉಳಿಯದ ಇಬ್ಬರು ಇದ್ದರೆಂದು ನನಗೆ ತಿಳಿದದ್ದು ಚಿಕ್ಕಮ್ಮನಿಂದ. ಒಬ್ಬನಿಗೆ ಹೆಸರೂ ಇಟ್ಟಿದ್ದರಂತೆ. ಅದನ್ನು ನಮ್ಮ ಹೆಸರುಗಳ ಸಾಲಿನಲ್ಲೇ, ಅವನು ಹುಟ್ಟಿದ ಕ್ರಮದಲ್ಲೇ ಸೇರಿಸಿದೆ.

ಅಡುಗೆಯ ಬಗ್ಗೆ ಒಂದು ಪುಟ ಸಾಕು. ಎಲ್ಲರೂ ಅದನ್ನೇ ಬರೆಯುತ್ತಾರೆ, ನಿಮ್ಮ ಅತ್ತೆ, ಚಿಕ್ಕಪ್ಪಂದಿರು ಹೇಗೂ ಅದನ್ನೇ ಹೇಳುತ್ತಾರೆ.

ಪಹಣಿ ನಾಡಕಚೇರಿಯಲ್ಲಿ ಮುಂದಿನ ವರ್ಷವೂ ಸಿಗುತ್ತದೆ, ಮನೆಮಂದಿಯೂ ಸಿಗುತ್ತಾರೆ. ಅಜ್ಜಿಯ ಮುಯ್ಯಾಳುಗಳಲ್ಲಿ ಈಗ ಯಾರು ಯಾರು ಇದ್ದಾರೆಂದು ಊರಿಗೆ ಫೋನ್ ಮಾಡಿ ಕೇಳಿ, ಈ ವಾರವೇ ಹೋಗಿ ಬನ್ನಿ. ಮೊಬೈಲ್‌ನಲ್ಲಿ ಮಾತು ದಾಖಲಿಸಿಕೊಳ್ಳಿ. ‘ಅಜ್ಜಿ ಹೇಗಿದ್ದರು’ ಎಂದು ಕೇಳಬೇಡಿ, ‘ಒಳ್ಳೆಯವಳು ಕಣಪ್ಪ’ ಎಂದು ಹೇಳಿ ಕಾಫಿ ಕೊಟ್ಟು ಕಳಿಸುತ್ತಾರೆ. ಕಳೆ ತೆಗೆಯುವಾಗ ಸಾಲಿನಲ್ಲಿ ಯಾರು ಮುಂದಿರುತ್ತಿದ್ದರು ಎಂದು ಶುರುಮಾಡಿ.