ಫ್ಲೆಕ್ಸ್‌ನಲ್ಲಿ ಸಿಗದ ಅಮ್ಮ

(ಸಾವಿನ ದುಃಖದಲ್ಲಿರುವ ಮನೆಯವರ ಜೊತೆ ಕೂತು ಮಾತಾಡುವ ಆಪ್ತಸಮಾಲೋಚನೆ ನನ್ನ ಕೆಲಸ. ಊರು ದಾವಣಗೆರೆಯೇ. ಉದ್ಯೋಗ, ವಯಸ್ಸು, ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಮಗಳು ಫೋನ್ ಮಾಡಿದ್ದು ಫ್ಲೆಕ್ಸ್ ವಿಷಯಕ್ಕೆ. ಅಮ್ಮ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಮೊದಲ ವರ್ಷದ ಪುಣ್ಯಸ್ಮರಣೆಗೆ ಅಣ್ಣ ಒಂದು ಫ್ಲೆಕ್ಸ್, ಜೊತೆಗೊಂದು ಸಣ್ಣ ಪುಸ್ತಕ ಮಾಡಿಸಲು ಹೊರಟಿದ್ದ. ಕರಡು ವಾಟ್ಸಾಪ್‌ನಲ್ಲಿ ಬಂದಿತ್ತು. 'ಪತಿವ್ರತಾ ಶಿರೋಮಣಿ, ವಾತ್ಸಲ್ಯಮಯಿ ತಾಯಿ, ಮನೆಯ ಅನ್ನಪೂರ್ಣೆ, ಎಂದೂ ಕೋಪಿಸಿಕೊಳ್ಳದ ಶಾಂತಮೂರ್ತಿ.'

"ಶಾಂತಮೂರ್ತಿ ಅಂತೆ! ಅಮ್ಮ ಕೆ.ಆರ್. ಮಾರ್ಕೆಟ್‌ನಲ್ಲಿ ಬದನೆಕಾಯಿಗೆ ಜಗಳಕ್ಕೆ ನಿಂತರೆ ಇಡೀ ಸಾಲಿಗೆ ಕೇಳಿಸ್ತಿತ್ತು. ಇದು ಯಾರ ಅಮ್ಮ?" ಎಂದಳು. ಅದನ್ನೇ ಅಣ್ಣನಿಗೂ ಹೇಳಿ ಜಗಳವಾಗಿತ್ತು. ಅಪ್ಪ "ನಿಮ್ಮಿಷ್ಟ ಬಂದಂಗೆ ಮಾಡ್ಕಳ್ರಿ" ಎಂದು ರೂಮಿನ ಬಾಗಿಲು ಹಾಕಿಕೊಂಡಿದ್ದರು. ಊಟವೂ ಸರಿಯಾಗಿ ಆಗುತ್ತಿರಲಿಲ್ಲ. ಅವರನ್ನು ಕರೆದುಕೊಂಡು ಬಾ ಎಂದೆ.

ಅಪ್ಪನಿಗೆ ಅರವತ್ತೇಳು. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಬಂದವರು ಮೊದಲ ಸಲ ಬಾಯಿ ಬಿಡಲಿಲ್ಲ. ಮಗಳನ್ನು ಹೊರಗೆ ಕೂರಿಸಿ, "ಆ ದಿನ ರಾತ್ರಿ ಏನಾಯ್ತು?" ಎಂದು ಕೇಳಿದ ಮೇಲೆ ಮಾತು ಬಂತು. "ಬೆನ್ನು ನೋವು ಅಂದ್ಲು. ದವಡೆ ಹಿಡ್ಕಂಡಂಗೆ ಆಗೈತಿ ಅಂದ್ಲು. ವಾಂತಿ ಬರೋ ಹಂಗೆ ಆಗ್ತಿತ್ತು. ಗ್ಯಾಸ್ ಇರ್ಬೇಕು ಅಂದೆ. ಸೋಡಾ ಕುಡಿಸ್ದೆ. ಬೆಳಗ್ಗೆ ನೋಡಾಣ ಅಂದೆ." ಬೆಳಗಿನ ಜಾವಕ್ಕೆ ಆಕೆ ಹೋಗಿದ್ದರು. ಹೃದಯಾಘಾತ.

ಹನ್ನೊಂದು ತಿಂಗಳಿಂದ ಈ 'ಬೆಳಗ್ಗೆ ನೋಡಾಣ' ಅವರನ್ನು ತಿನ್ನುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಎಲ್ಲರೂ "ನಿಮ್ಮ ತಪ್ಪೇನಿಲ್ಲ ಬಿಡ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ, ಆದರೂ ಅದು ಬಾಯಿ ಮುಚ್ಚಿಸುವುದೇ. ಹಾಗಾಗಿ ನಾನು ಆ ಮಾತು ಆಡಲಿಲ್ಲ. ಗಂಟೆ ಗಂಟೆಯಾಗಿ ಆ ರಾತ್ರಿಯನ್ನು ಅವರ ಬಾಯಲ್ಲೇ ಹೇಳಿಸಿದೆ. ಯಾವ ಹೊತ್ತಿಗೆ ನಿಮಗೆ ಏನು ಗೊತ್ತಿತ್ತು? ಯಾವುದು ಆಮೇಲೆ ಗೊತ್ತಾಯ್ತು? ಹೃದಯಾಘಾತ ಅಂದರೆ ಎದೆ ಹಿಡಿದು ಕುಸಿಯುವುದು ಎಂದೇ ನಾವು ತಿಳಿದಿರುತ್ತೇವೆ. ಹೆಂಗಸರಲ್ಲೂ ಎದೆನೋವೇ ಮುಖ್ಯ ಲಕ್ಷಣ, ನಿಜ. ಆದರೆ ಬೆನ್ನು, ದವಡೆ, ಭುಜದ ನೋವು, ವಾಂತಿ ಬಂದಂತಾಗುವುದು, ವಿಪರೀತ ಸುಸ್ತು, ಉಸಿರಿನ ತೊಂದರೆ ಅವರಲ್ಲಿ ಜಾಸ್ತಿ ಕಾಣುತ್ತವೆ. ಗ್ಯಾಸ್ ಎಂದು ಎಷ್ಟೋ ಮನೆಗಳಲ್ಲಿ ಸೋಡಾ ಕುಡಿಸುತ್ತಾರೆ. (ಓದುತ್ತಿರುವವರು ಇದೊಂದನ್ನು ನೆನಪಿಡಿ. ಇಂಥ ನೋವು ಬಂದರೆ, ಬೆವರೂ ಸೇರಿದರಂತೂ, ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ.) ಮುಂದೊಂದು ದಿನ ಅವರನ್ನು ಪರಿಚಯದ ವೈದ್ಯರ ಬಳಿ ಕಳಿಸಿದೆ. ಕೇಳಬೇಕೆಂದಿದ್ದ ಪ್ರಶ್ನೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರು. ಆ ರಾತ್ರಿಯೇ ಹೋಗಿದ್ದರೆ ಉಳಿಯುತ್ತಿದ್ದಳಾ ಎಂದು ಕೇಳಿದರಂತೆ. ವೈದ್ಯರು ಸುಳ್ಳು ಹೇಳಲಿಲ್ಲ, ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು ಎಂದರು. ಆ ಉತ್ತರದಿಂದ ಅಪ್ಪ ಕುಸಿದು ಹೋಗುತ್ತಾರೇನೋ ಎಂದು ಮಗಳಿಗೆ ಹೆದರಿಕೆ ಇತ್ತು. ಆಗಿದ್ದು ಬೇರೆ. ಅವತ್ತು ಮನೆಗೆ ಹೋಗಿ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ತಾವೇ ಎಲ್ಲ ಹೇಳಿದರು.

ಈ ನಡುವೆ ಒಬ್ಬ ನೆಂಟರು ಅಪ್ಪ 'ನಿರಾಕರಣೆಯ ಹಂತ'ದಲ್ಲಿದ್ದಾರೆ ಎಂದು ತೀರ್ಪು ಕೊಟ್ಟಿದ್ದರು. ಅವರು ರಾತ್ರಿ ಫೋಟೋದ ಮುಂದೆ ಕೂತು ಮಾತಾಡುತ್ತಾರೆ, ಅದಕ್ಕೆ. ನಿರಾಕರಣೆಯಿಂದ ಶುರುವಾಗಿ ಒಪ್ಪಿಕೊಳ್ಳುವವರೆಗೆ ಐದು ಹಂತ ಎಂಬ ಆ ಮಾತು ಮನೋವೈದ್ಯೆ ಎಲಿಸಬೆತ್ ಕುಬ್ಲರ್-ರಾಸ್ 1969ರಲ್ಲಿ ಹೇಳಿದ್ದು. ಅವರು ನೋಡಿ ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು, ಉಳಿದ ಮನೆಯವರನ್ನಲ್ಲ. ದುಃಖ ಒಂದಾದ ಮೇಲೊಂದು ಮೆಟ್ಟಿಲು ಹತ್ತುವುದಿಲ್ಲ. ಹೆಂಡತಿಯ ಫೋಟೋಗೆ "ಇವತ್ತು ನೀರು ಬರಲಿಲ್ಲ ಕಣೆ" ಎಂದು ಹೇಳುವುದು ಹುಚ್ಚೂ ಅಲ್ಲ. ಸತ್ತವರ ಜೊತೆಗಿನ ನಂಟನ್ನು ಕಡಿದುಕೊಳ್ಳಬೇಕಾಗಿಲ್ಲ ಎಂದು 1990ರ ದಶಕದಿಂದ ಈ ಕ್ಷೇತ್ರದವರೂ ಹೇಳುತ್ತಾ ಬಂದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಯಾರೂ ಕಡಿದುಕೊಂಡೇ ಇರಲಿಲ್ಲ, ಅಲ್ವಾ?

ನಾನು ನೋಡಿದ್ದು ಬೇರೆಯದನ್ನು. ನಿದ್ದೆ ಹೇಗಿದೆ, ಬಿಪಿ ಮಾತ್ರೆ ನುಂಗುತ್ತಿದ್ದಾರಾ, ತೂಕ ಇಳಿದಿದೆಯಾ, 'ನಾನೂ ಹೋಗಿಬಿಟ್ಟರೆ ಸಾಕು' ಎನ್ನುತ್ತಾರಾ. ಕೊನೆಯದನ್ನು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬುದು ಸುಳ್ಳು ಭಯ. "ಮೊದಮೊದಲು ಅನಿಸ್ತಿತ್ತು, ಈಗಿಲ್ಲ" ಎಂದರು. ಬಿಪಿ ಮಾತ್ರೆ ಮಾತ್ರ ಸರಿಯಾಗಿ ನುಂಗುತ್ತಿರಲಿಲ್ಲ. ಡಬ್ಬಿಯಿಂದ ತೆಗೆದುಕೊಡುತ್ತಿದ್ದವಳು ಆಕೆ. ಸೊಸೆ ವಾರದ ಏಳು ಖಾನೆಯ ಡಬ್ಬಿ ತಂದುಕೊಟ್ಟಳು. ಅದನ್ನು ತುಂಬುವುದು ಅಪ್ಪನದೇ ಕೆಲಸ, ಅವಳದಲ್ಲ ಎಂದು ನಾನೇ ಹಟ ಹಿಡಿದೆ.

ಇನ್ನು ಮಗಳು. ಫ್ಲೆಕ್ಸ್ ಮೇಲೆ ಅಷ್ಟು ಸಿಟ್ಟು ಏಕೆ? ಅಮ್ಮನ ಜೊತೆ ಆಕೆ ನಾಲ್ಕು ತಿಂಗಳು ಮಾತು ಬಿಟ್ಟಿದ್ದಳು. ತಮ್ಮ ತಂಗಿಯ ಮಗನ ಮದುವೆಯಲ್ಲಿ ಅಮ್ಮ ಹತ್ತು ಜನರ ಮುಂದೆ ಮಗಳಿಗೆ ಏನೋ ಅಂದಿದ್ದರು. ಯುಗಾದಿಗೆ ಊರಿಗೆ ಹೋಗಿ ಸರಿಮಾಡಿಕೊಳ್ಳೋಣ ಎಂದುಕೊಂಡಿದ್ದಳು. ಯುಗಾದಿಗೆ ಮೊದಲೇ ಅಮ್ಮ ಹೋದರು. ಈಗ ಅಮ್ಮನನ್ನು 'ಶಾಂತಮೂರ್ತಿ' ಎಂದು ಅಚ್ಚು ಹಾಕಿಸಿದರೆ ಆ ಜಗಳ ಎಲ್ಲಿಗೆ ಹೋಗಬೇಕು? ಜಗಳವೇ ಆಡದ ತಾಯಿಯ ಜೊತೆ ಮಾತು ಬಿಟ್ಟ ಮಗಳು ಎಂದರೆ ತಪ್ಪೆಲ್ಲ ಮಗಳದೇ. ಅವಳ ಸಿಟ್ಟಿನ ಬೇರು ಇದು.

ಹೊಗಳಿಕೆ ಜಾಸ್ತಿಯಾದಷ್ಟೂ ಮನೆಯವರು ಒಂಟಿಯಾಗುತ್ತಾರೆ ಎಂಬುದನ್ನು ನಾನು ತುಂಬ ಮನೆಗಳಲ್ಲಿ ನೋಡಿದ್ದೇನೆ. ದೇವತೆಯಾಗಿಸಿದವರ ಮೇಲೆ ಸಿಟ್ಟಾಗುವಂತಿಲ್ಲ, ಅವರನ್ನು ನೆನೆದು ನಗುವಂತಿಲ್ಲ. 'ಹೆಂಡತಿ', 'ತಾಯಿ' ಎಂಬ ಎರಡು ಪದವಿ ಕೊಟ್ಟು ಉಳಿದ ಹೆಂಗಸನ್ನು ಮರೆತುಬಿಡುತ್ತಾರೆ. ಇದರಲ್ಲಿ ನಮ್ಮ ಹಿರಿಯರ ಹಬ್ಬವೇ ವಾಸಿ. ಎಡೆ ಇಡುವಾಗ ಹೋಳಿಗೆ ಒಂದೇ ಇಡುವುದಿಲ್ಲ, ಅಜ್ಜನಿಗೆ ಬೀಡಿ ಇಷ್ಟವಿದ್ದರೆ ಬೀಡಿ, ಅಜ್ಜಿಗೆ ನಶ್ಯ ಇಷ್ಟವಿದ್ದರೆ ನಶ್ಯ. ಬಿಡಬೇಕಿತ್ತು ಎಂದು ಬದುಕಿದ್ದಾಗ ಬೈದವರೇ ಇಡುತ್ತಾರೆ.

ಹಾಗಾಗಿ ಮೂವರಿಗೂ ಒಂದು ಕೆಲಸ ಕೊಟ್ಟೆ. ಪುಸ್ತಕ ಬೇಡ ಎನ್ನಲಿಲ್ಲ. ಅದಕ್ಕೆ ಮನೆಯವರಲ್ಲದವರನ್ನು ಕೇಳಿ ಬನ್ನಿ ಎಂದೆ. ಪ್ರತಿಯೊಬ್ಬರಿಗೂ ಎರಡೇ ಪ್ರಶ್ನೆ: ಆಕೆ ನಿಮ್ಮನ್ನು ನಗಿಸಿದ್ದು ಯಾವಾಗ, ಬೈದದ್ದು ಯಾವಾಗ. 'ಅವರ ಬಗ್ಗೆ ನಾಲ್ಕು ಮಾತು ಹೇಳಿ' ಎಂದು ಕೇಳಬೇಡಿ, ಕೇಳಿದರೆ ಫ್ಲೆಕ್ಸ್ ಮಾತೇ ಬರುತ್ತದೆ.

ಹುಡುಕಲು ಹೊರಟಾಗ ಅಪ್ಪನ ಕೈಗೆ ಆಕೆಯ ಚೀಟಿ ಪುಸ್ತಕ ಸಿಕ್ಕಿತು. ಬೀದಿಯ ಹೆಂಗಸರನ್ನು ಸೇರಿಸಿ ಆಕೆ ತಿಂಗಳ ಚೀಟಿ ನಡೆಸುತ್ತಿದ್ದರು. (ನೋಂದಣಿ ಇಲ್ಲದ ಚೀಟಿಯ ಕಾನೂನು ತಕರಾರು ಬೇರೆ ಮಾತು.) ಹಳೆಯ ಡೈರಿ, ನೀಲಿ ರಟ್ಟು, ಎಣ್ಣೆ ಕೈಯ ಗುರುತು. ಹೆಸರುಗಳೇ ಇಲ್ಲ. 'ಮೂಲೆ ಮನೆ', 'ಟೈಲರ್', 'ಮಂಡಿ ನೋವು', 'ಸುಳ್ಳಿ'. ಎದುರಿಗೆ ಕಟ್ಟಿದ ಹಣ, ಬಾಕಿ. ಜೀವನವಿಡೀ ಲೆಕ್ಕ ಬರೆದ ಮನುಷ್ಯ ಅದನ್ನು ಎರಡು ರಾತ್ರಿ ಕೂತು ಕೂಡಿಸಿ ನೋಡಿದರು. ಒಂದು ಪೈಸೆ ತಪ್ಪಿಲ್ಲ. "ನಾನು ದಿನಾ ಕೇಳ್ತಿದ್ದೆ ರೀ, ನಿಂಗೇನ್ ಗೊತ್ತಾಗ್ತತಿ ಲೆಕ್ಕ ಅಂತ" ಎಂದು ನನ್ನ ಮುಂದೆ ಅತ್ತರು. ಒಂದು ಪುಟದಲ್ಲಿ 'ಸುಳ್ಳಿ'ಯ ಎದುರು 'ಆಸ್ಪತ್ರೆ ಖರ್ಚು, ವಾಪಸ್ ಬೇಡ, ಇವರಿಗೆ ಹೇಳಬಾರದು' ಎಂದಿತ್ತು. ಸುಳ್ಳಿ ಯಾರು ಎಂದು ಅವರು ಪತ್ತೆ ಮಾಡಲಿಲ್ಲ. ಮಾಡಬೇಡಿ ಎಂದು ನಾನೂ ಹೇಳಿದೆ.

'ಮಂಡಿ ನೋವು' ಇನ್ನೊಂದು ಗುಟ್ಟು ಬಿಟ್ಟುಕೊಟ್ಟರು. ಮಂಗಳವಾರ ದುರ್ಗಾಂಬಿಕಾ ಗುಡಿಗೆ ಹೋಗುತ್ತೇನೆಂದು ಹೊರಡುತ್ತಿದ್ದವರು ಗುಡಿ ಮುಗಿಸಿ, ಇಬ್ಬರೂ ಖಾರ ಮಂಡಕ್ಕಿ, ಮಿರ್ಚಿ ತಿಂದು, ಬಾಯಿ ತೊಳೆದುಕೊಂಡು ಮನೆಗೆ ಬರುತ್ತಿದ್ದರಂತೆ. ಮನೆಯಲ್ಲಿ "ಇವತ್ತು ಉಪವಾಸ". ಮಗ ನಕ್ಕಿದ್ದು ಅವತ್ತೇ ಎಂದು ಸೊಸೆ ಹೇಳಿದಳು. ಇನ್ನೊಬ್ಬರು ಹಳೇ ಕಥೆ ತೆಗೆದರು. ಆಕೆಯ ತಂದೆ ಹತ್ತಿ ಗಿರಣಿಯಲ್ಲಿದ್ದರು. ಸೈರನ್ ಕೂಗುವ ಮೊದಲೇ ಬುತ್ತಿ ಒಯ್ಯುತ್ತಿದ್ದ ಹುಡುಗಿ ಟೈಪಿಂಗ್ ಪಾಸು ಮಾಡಿ, ಕೆಲಸದ ಕಾಗದ ಬಂದ ತಿಂಗಳೇ ಮದುವೆಯಾಗಿ ಬಂದಿದ್ದಳು. ಆಕೆ ಟೈಪಿಂಗ್ ಪಾಸಾಗಿದ್ದು ಗಂಡನಿಗೆ ಗೊತ್ತಿತ್ತು, ಕಾಗದದ ಸಂಗತಿ ಗೊತ್ತಿರಲಿಲ್ಲ.

ಮಗಳಿಗೆ ಅಮ್ಮನಿಗೊಂದು ಪತ್ರ ಬರೆಯಲು ಹೇಳಿದೆ. ಕ್ಷಮೆಯಿಂದ ಶುರು ಮಾಡಬೇಡ, ಮದುವೆ ಮನೆಯಲ್ಲಿ ಆದ ನೋವಿನಿಂದ ಶುರು ಮಾಡು ಎಂದೆ. ಬರೆದಳು. ಯಾರಿಗೂ ತೋರಿಸಿಲ್ಲ, ನನಗೂ. ಅದು ಅವರಿಬ್ಬರ ವಿಷಯ.

ಪುಣ್ಯಸ್ಮರಣೆ ಪದ್ಧತಿಯಂತೆ ಆಯಿತು. ಸ್ವಾಮಿಗಳು ಬಂದರು, ಪ್ರಸಾದವಾಯಿತು. ಫ್ಲೆಕ್ಸ್ ಇತ್ತು, ಹೆಸರು ಮತ್ತು ತಾರೀಖು ಮಾತ್ರ. ಪುಸ್ತಕದಲ್ಲಿ ಬದನೆಕಾಯಿ ಜಗಳ ಇದೆ, ಮಿರ್ಚಿ ಇದೆ, ಟೈಪಿಂಗ್ ಇದೆ. 'ಸುಳ್ಳಿ' ಇಲ್ಲ. ಒಬ್ಬ ಹಿರಿಯ ನೆಂಟರು ಇಂಥದ್ದನ್ನೆಲ್ಲ ಅಚ್ಚು ಹಾಕಿಸಬಾರದಿತ್ತು ಎಂದು ಊಟ ಮುಗಿಸಿ ಬೈದು ಹೋದರು.

ಬೀರುವಿನ ಸೀರೆಗಳ ಬಗ್ಗೆ ಅಪ್ಪ ಕೇಳಿದರು. ಅವಸರ ಬೇಡ, ಆದರೆ ಬೀಗವೂ ಬೇಡ ಎಂದೆ. ದಿನಬಳಕೆಯ ಸೀರೆಗಳ ಒಂದು ಖಾನೆಯನ್ನು ಮಗಳು, ಸೊಸೆ ಸೇರಿ ಖಾಲಿ ಮಾಡಿದ್ದಾರೆ. ಉಳಿದದ್ದು ಹಾಗೇ ಇದೆ. ಒಡವೆಯ ಮಾತು ಎದ್ದಿತು. ಈ ವರ್ಷ ಆ ತೀರ್ಮಾನ ಬೇಡ ಎಂದು ಮೂವರ ಮುಂದೆಯೇ ಹೇಳಿದ್ದೇನೆ. ಒಪ್ಪಿದ್ದಾರೋ ಸುಮ್ನೆ ತಲೆಯಾಡಿಸಿದರೋ ನೋಡಬೇಕು.

ಇಂಥ ಪರಿಸ್ಥಿತಿಯಲ್ಲಿ ಇರುವವರಿಗೆ ಒಂದು ಮಾತು. ಅಳು ಬರುವುದು, ನೆನಪಾಗುವುದು ರೋಗವಲ್ಲ. ಆದರೆ ಆರು ತಿಂಗಳು ಕಳೆದ ಮೇಲೂ ಹಂಬಲ ಒಂದು ಚೂರೂ ತಗ್ಗದೆ, ದಿನದ ಕೆಲಸವೇ ನಿಂತುಹೋಗಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ದೀರ್ಘಕಾಲದ ಶೋಕ ಪ್ರತ್ಯೇಕವಾಗಿ ಸೇರಿದೆ. ಸಾಯುವ ಮಾತು ಬಂದರೆ ತಿಂಗಳು ಎಣಿಸಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಈಗ ತಿಂಗಳಿಗೊಮ್ಮೆ ಬರುತ್ತಾರೆ. ಮಗ ಬೇರೆಯಾಗಿ ಬರಲು ಶುರು ಮಾಡಿದ್ದಾನೆ. ಎಲ್ಲರಿಗೂ ಊಟ, ಪೆಂಡಾಲು, ಫ್ಲೆಕ್ಸ್ ಎಂದು ವರ್ಷವಿಡೀ ಓಡಾಡಿದವನು ಅವನು. ಅವನ ಮಾತು ಇನ್ನೂ ಶುರುವಾಗಿಲ್ಲ.