ಶ್ರೀಲಂಕಾ ಬೆಟ್ಟ ಹತ್ತೋಕೆ ಹೊರಟೋರ ಪ್ರಶ್ನೆಗಳು

ಹೋದ ಸಂಚಿಕೇಲಿ ಶ್ರೀಲಂಕಾದ ನಡುನಾಡಿನ ಬೆಟ್ಟಗಳ ಬಗ್ಗೆ ಒಂದು ಪುಟ ಬರೆದಿದ್ದೆ, ಅದಕ್ಕೆ ಇಷ್ಟೊಂದು ಪತ್ರ ಮೆಸೇಜ್ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ತುಂಬಾ ಖುಷಿಯಾಯ್ತು. ಒಂದೇ ತರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿ ಇಲ್ಲಿ ಉತ್ತರ ಬರೀತಿದೀನಿ.

ಪ್ರಶ್ನೆ: ಮಕ್ಕಳಿಗೆ ಏಪ್ರಿಲ್ ಕೊನೇಲಿ ರಜಾ. ಆಗ ಶ್ರೀಲಂಕಾ ಬೆಟ್ಟಗಳಿಗೆ ಹೋದ್ರೆ ಮಳೆ ಸಿಗುತ್ತಾ? ಯಾವ ತಿಂಗಳು ಒಳ್ಳೇದು ಅಂತ ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಹೇಳೋಕಾಗಲ್ಲ, ಯಾಕಂದ್ರೆ ಆ ಚಿಕ್ಕ ದ್ವೀಪಕ್ಕೆ ಎರಡು ಮಳೆಗಾಲ. ಮೇ ಇಂದ ಸೆಪ್ಟೆಂಬರ್ ತನಕ ನೈಋತ್ಯ ಮಳೆ, ಅದು ಪಶ್ಚಿಮದ ಇಳಿಜಾರಿಗೆ ಬಡಿಯುತ್ತೆ, ಅಂದ್ರೆ ರತ್ನಪುರ, ಹ್ಯಾಟನ್, ಶ್ರೀಪಾದ (ಇಂಗ್ಲಿಷಲ್ಲಿ ಆಡಮ್ಸ್ ಪೀಕ್ ಅನ್ನೋ ಯಾತ್ರೆಯ ಬೆಟ್ಟ) ಕಡೆ. ಡಿಸೆಂಬರ್ ಇಂದ ಫೆಬ್ರವರಿ ತನಕ ಈಶಾನ್ಯ ಮಳೆ, ಅದು ಬೆಟ್ಟಸಾಲಿನ ಪೂರ್ವದ ಮಗ್ಗುಲಿಗೆ. ಹಾಗಾಗಿ ಮೊದಲು ಯಾವ ಬೆಟ್ಟ ಅಂತ ತೀರ್ಮಾನ ಮಾಡಿ, ಆಮೇಲೆ ಅದು ಯಾವ ಮಗ್ಗುಲಲ್ಲಿದೆ ನೋಡಿ ತಿಂಗಳು ಹಾಕ್ಕೊಳ್ಳಿ. ಪಶ್ಚಿಮದ ಬೆಟ್ಟಗಳಿಗೆ ಜನವರಿಯಿಂದ ಮಾರ್ಚ್ ನನ್ನ ಪ್ರಕಾರ ಬೆಸ್ಟು.

ಏಪ್ರಿಲ್ ಎರಡು ಮಳೆಗಾಲದ ಮಧ್ಯೆ ಬರೋ ತಿಂಗಳು. ಬೆಳಗ್ಗೆ ಆಕಾಶ ತೊಳೆದಿಟ್ಟಂಗಿರುತ್ತೆ, ಮಧ್ಯಾಹ್ನ ಎರಡು ಮೂರು ಗಂಟೆಗೆ ಗುಡುಗು ಸಿಡಿಲು ಸಮೇತ ಮಳೆ ಸುರಿಯುತ್ತೆ. ನೀವು ಕತ್ತಲಲ್ಲೇ ಎದ್ದು ಹೊರಟು ಹನ್ನೆರಡರ ಒಳಗೆ ಕೆಳಗಿಳಿದುಬಿಟ್ರೆ ಏನೂ ತೊಂದ್ರೆ ಇಲ್ಲ. ಆದ್ರೆ ಇನ್ನೊಂದು ವಿಷಯ, ಏಪ್ರಿಲ್ 13-14ರ ಸುಮಾರಿಗೆ ಸಿಂಹಳ-ತಮಿಳು ಹೊಸವರ್ಷ ಬರುತ್ತೆ, ನುವರ ಎಲಿಯ ಅನ್ನೋ ಬೆಟ್ಟದೂರಲ್ಲಿ ಇಡೀ ತಿಂಗಳು ಸೀಸನ್, ರೂಮು ಸಿಗೋದು ಕಷ್ಟ, ಸಿಕ್ಕಿದ್ರೂ ರೇಟು ಜಾಸ್ತಿ. ಮೊದಲೇ ಬುಕ್ ಮಾಡ್ಕೊಳ್ಳಿ.

ಅಕ್ಟೋಬರ್ ನವೆಂಬರ್ ಮಾತ್ರ ಹುಷಾರು. ಅದು ಚಂಡಮಾರುತ ಬರೋ ಕಾಲ. 2025ರ ನವೆಂಬರ್ ಕೊನೇಲಿ ದಿತ್ವಾ ಚಂಡಮಾರುತ ಬಂದಾಗ ಕ್ಯಾಂಡಿ, ನುವರ ಎಲಿಯ, ಬದುಳ್ಳ ಕಡೆ ಗುಡ್ಡ ಕುಸಿದು ಎಷ್ಟೊಂದು ಜನ ಸತ್ತೋದ್ರು, ಬೆಟ್ಟದ ರೈಲು ದಾರಿನೂ ಹಾಳಾಯ್ತು. ಅಲ್ಲಿಯ ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯೋರು ತಾಲೂಕು ತಾಲೂಕಿಗೆ ಭೂಕುಸಿತದ ಮುನ್ನೆಚ್ಚರಿಕೆ ಕೊಡ್ತಾರೆ. ನೀವು ಹೋಗೋ ಕಡೆ ಎಚ್ಚರಿಕೆ ಇದ್ರೆ, ಟಿಕೆಟ್ ದುಡ್ಡು ಹೋದ್ರೆ ಹೋಗ್ಲಿ, ಬೆಟ್ಟಕ್ಕೆ ಹೋಗ್ಬೇಡಿ.

ಪ್ರಶ್ನೆ: ನಮ್ಮ ಅಮ್ಮನಿಗೆ 62 ವರ್ಷ. ಶ್ರೀಪಾದ ಹತ್ತಲೇಬೇಕು ಅಂತ ಹಠ ಹಿಡಿದಿದಾರೆ. ಬಿಪಿ ಮಾತ್ರೆ ತಗೋತಾರೆ, ಸ್ವಲ್ಪ ಮಂಡಿ ನೋವಿದೆ. ಕರ್ಕೊಂಡು ಹೋಗ್ಬಹುದಾ?

ಈ ಪ್ರಶ್ನೆ ಓದಿ ನಂಗೆ ಅಲ್ಲಿ ನೋಡಿದ ಒಬ್ಬ ಅಜ್ಜಿ ನೆನಪಾದ್ರು. ಬೆಳಗಿನ ಜಾವ ಮೂರು ಗಂಟೆ ಇರ್ಬೇಕು, ಬರಿಗಾಲು, ಬಿಳಿ ಸೀರೆ, ಒಂದ್ಕಡೆ ಮಗ ಇನ್ನೊಂದ್ಕಡೆ ಮೊಮ್ಮಗಳು, ಹತ್ತು ಮೆಟ್ಟಿಲು ಹತ್ತೋದು, ಕಬ್ಬಿಣದ ಕಂಬಿ ಹಿಡ್ಕೊಂಡು ನಿಂತ್ಕೊಳ್ಳೋದು, ಮತ್ತೆ ಹತ್ತು ಮೆಟ್ಟಿಲು. ನಾವು ಅವ್ರನ್ನ ದಾಟಿ ಹೋಗ್ತಾ 'ಕರುಣಾವಾಯ್' ಅಂದ್ವಿ, ಆ ಬೆಟ್ಟದಲ್ಲಿ ಯಾತ್ರಿಕರು ಒಬ್ರಿಗೊಬ್ರು ಹಾಗೇ ಹೇಳೋದು, ಅಜ್ಜಿ ಉಸಿರು ಸಾಕಾಗದಿದ್ರೂ ನಕ್ಕು ತಿರುಗಿ ಹೇಳಿದ್ರು. ಬೆಳಗ್ಗೆ ನಾವು ಇಳಿಯೋ ಹೊತ್ತಿಗೆ ಅವ್ರು ಮೇಲೆ ತಲುಪಿ ಗಂಟೆ ಹೊಡೀತಿದ್ರು. ಎಷ್ಟು ಸಲ ಹತ್ತಿದೀವೋ ಅಷ್ಟು ಸಲ ಗಂಟೆ ಹೊಡಿಯೋದು ಅಲ್ಲಿಯ ರೂಢಿ. ಅವ್ರು ಎಷ್ಟು ಹೊಡೆದ್ರು ಅಂತ ಎಣಿಸೋಕೆ ಹೋಗಿ ನಂಗೆ ಲೆಕ್ಕ ತಪ್ಪಿತು.

ಹಾಗಾಗಿ ವಯಸ್ಸು ಅಡ್ಡಿ ಅಲ್ಲ. ಆದ್ರೆ ಡಾಕ್ಟರ್ ಹತ್ರ ಕೇಳದೆ ಕರ್ಕೊಂಡು ಹೋಗ್ಬೇಡಿ, ಬಿಪಿ ಇರೋರಿಗೆ ಇದನ್ನ ಖಡಾಖಂಡಿತ ಹೇಳ್ತೀನಿ. ಬೆಟ್ಟದ ಎತ್ತರ 2243 ಮೀಟರ್, ಆಮ್ಲಜನಕ ಕಮ್ಮಿಯಾಗಿ ತಲೆ ಸುತ್ತೋ ಎತ್ತರ ಅಲ್ಲ ಅದು, ಆ ಕಾಯಿಲೆ ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲೆ. ಕಷ್ಟ ಇರೋದೆಲ್ಲಾ ಮೆಟ್ಟಿಲಲ್ಲಿ. ನಲ್ಲತಣ್ಣಿ ಕಡೆಯಿಂದ ಸುಮಾರು 5500 ಮೆಟ್ಟಿಲು, ಒಂದೊಂದು ಗೇಣು ಎತ್ತರ ಇದ್ರೆ ಮುಂದಿಂದು ಮೊಣಕಾಲಿನ ತನಕ, ಒಂದೇ ಸಮ ಇರಲ್ಲ. ಈ ಊರನ್ನ ಡಾಲ್‌ಹೌಸಿ ಅಂತಾನೂ ಕರೀತಾರೆ, ಹ್ಯಾಟನ್ ತನಕ ರೈಲು (ದಿತ್ವಾದಲ್ಲಿ ಹಾಳಾದ ದಾರಿ, ಈಗ ಓಡ್ತಿದೆಯಾ ಅಂತ ಮೊದಲು ಕೇಳ್ಕೊಳ್ಳಿ), ಅಲ್ಲಿಂದ ಮಸ್ಕೆಲಿಯ ಮೇಲೆ ಬಸ್ಸು. ರತ್ನಪುರದ ಕಡೆಯಿಂದಲೂ ದಾರಿ ಇದೆ, ಅದು ಇದಕ್ಕಿಂತ ಉದ್ದ ಮತ್ತು ಕಷ್ಟ, ಅಮ್ಮನ್ನ ಆ ಕಡೆಯಿಂದ ಬೇಡ.

ಯಾತ್ರೆ ಸೀಸನ್ ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆ ತನಕ. ಆಗ ಮಾತ್ರ ದಾರಿ ಉದ್ದಕ್ಕೂ ಲೈಟ್ ಹಾಕಿರ್ತಾರೆ, ಟೀ ಅಂಗಡಿ ತೆಗೆದಿರುತ್ತೆ, ಕೂತ್ಕೊಳ್ಳೋಕೆ ಜಾಗ ಸಿಗುತ್ತೆ. ಹುಣ್ಣಿಮೆ ದಿನಕ್ಕೆ ಅಲ್ಲಿ ಪೋಯ ಅಂತಾರೆ, ಆ ದಿನ ಸರ್ಕಾರಿ ರಜಾ, ಶನಿವಾರ ಭಾನುವಾರ ಜೊತೆ ಸೇರ್ಕೊಂಡ್ರೆ ಮೇಲಿನ ಮೆಟ್ಟಿಲುಗಳಲ್ಲಿ ಗಂಟೆಗಟ್ಟಲೆ ನಿಂತೇ ಇರ್ಬೇಕಾಗುತ್ತೆ. ವಾರದ ಮಧ್ಯೆ ಒಂದು ದಿನ ನೋಡ್ಕೊಳ್ಳಿ. ಎಲ್ರೂ ರಾತ್ರಿ ಎರಡು ಗಂಟೆಗೆ ಹೊರಡ್ತಾರೆ ಸೂರ್ಯೋದಯ ನೋಡೋಕೆ, ಅಮ್ಮನ ಜೊತೆ ಆದ್ರೆ ಹತ್ತು ಹನ್ನೊಂದಕ್ಕೇ ಹೊರಟುಬಿಡಿ, ನಿಧಾನಕ್ಕೆ ಹತ್ತಲಿ. ಪ್ರತಿ ಟೀ ಅಂಗಡೀಲೂ ಐದು ನಿಮಿಷ ಕೂರಿಸಿ ಬಿಸಿ ಟೀ ಕುಡಿಸಿ, ಹಾಲಿಲ್ಲದ ಟೀ ಜೊತೆ ಕಚ್ಕೊಳ್ಳೋಕೆ ಕಿತ್ತುಲ್ ಬೆಲ್ಲದ ತುಂಡು ಸಿಗುತ್ತೆ, ಕಿತ್ತುಲ್ ಅಂದ್ರೆ ನಮ್ಮ ಬೈನೆ ಮರ. ಆ ಚಳೀಲಿ ಅದರ ರುಚಿ ನಾನಿನ್ನೂ ಮರೆತಿಲ್ಲ.

ಬೆವರಿನಲ್ಲಿ ಬಟ್ಟೆ ಒದ್ದೆಯಾಗಿರುತ್ತೆ, ಮೇಲೆ ಹೋಗಿ ನಿಂತ ತಕ್ಷಣ ಗಾಳಿಗೆ ನಡುಕ ಶುರು. ಸಾವಿರ ಮೀಟರ್ ಮೇಲಕ್ಕೆ ಹೋದ್ರೆ ಸುಮಾರು ಆರೂವರೆ ಡಿಗ್ರಿ ಕಮ್ಮಿ ಆಗುತ್ತೆ ಅಂತ ಲೆಕ್ಕ, ಗಾಳಿ ಬೇರೆ ಸೇರಿದ್ರೆ ಇನ್ನೂ ಜಾಸ್ತಿ ಅನ್ಸುತ್ತೆ. ಒಂದು ಒಣ ಬನಿಯನ್, ಸ್ವೆಟರ್, ಕಿವಿ ಮುಚ್ಚೋ ಟೋಪಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬ್ಯಾಗಲ್ಲಿಟ್ಕೊಳ್ಳಿ, ತುದಿ ಮುಟ್ಟೋ ಮೊದಲೇ ಬದಲಾಯಿಸಿ. ಮೇಲೆ ಚಪ್ಪಲಿ ಬಿಡ್ಬೇಕು, ಟೋಪಿ ತೆಗೀಬೇಕು, ಕಲ್ಲು ಮಂಜುಗಡ್ಡೆ ತರ ಇರುತ್ತೆ, ಸಾಕ್ಸ್ ಇದ್ರೆ ಒಳ್ಳೇದು.

ಬೆಟ್ಟದ ತುದಿಯ ಬಂಡೆ ಮೇಲಿರೋ ಪಾದದ ಗುರುತನ್ನ ಬೌದ್ಧರು ಬುದ್ಧನದು ಅಂತಾರೆ, ಹಿಂದೂಗಳು ಶಿವನದು ಅಂತಾರೆ, ಮುಸ್ಲಿಮರು ಆದಮನದು ಅಂತಾರೆ, ಕ್ರಿಶ್ಚಿಯನ್ನರಲ್ಲಿ ಸಂತ ತೋಮಸನದು ಅನ್ನೋರೂ ಇದಾರೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಕೂಡ ಈ ಬೆಟ್ಟ ಹತ್ತಿದ್ದ. ಅಷ್ಟೊಂದು ಜನರ ಭಕ್ತಿ ಒಂದೇ ಬಂಡೆ ಮೇಲೆ ಕೂತಿದೆ, ಅಮ್ಮ ಯಾಕೆ ಹಠ ಮಾಡ್ತಿದಾರೆ ಅಂತ ಮೇಲೆ ಹೋದಾಗ ನಿಮಗೇ ಗೊತ್ತಾಗುತ್ತೆ.

ಸೂರ್ಯ ಹುಟ್ಟೋವಾಗ ಎಲ್ರೂ ಪೂರ್ವಕ್ಕೆ ನೋಡ್ತಾ ನಿಂತಿರ್ತಾರೆ. ನೀವು ಹಿಂದಕ್ಕೆ ತಿರುಗಿ ಪಶ್ಚಿಮಕ್ಕೂ ನೋಡಿ. ಬೆಟ್ಟದ ನೆರಳು ಕೆಳಗಿನ ಮೋಡದ ಮೇಲೆ ರೂಲರ್ ಇಟ್ಟು ಗೆರೆ ಎಳೆದಂಗೆ ತ್ರಿಕೋನವಾಗಿ ಬಿದ್ದಿರುತ್ತೆ. ಬೆಟ್ಟ ಯಾವ ಆಕಾರ ಇದ್ರೂ ತುದೀಲಿ ನಿಂತು ನೋಡಿದ್ರೆ ಉದ್ದನೆ ನೆರಳು ದೂರದಲ್ಲಿ ಒಂದು ಬಿಂದುವಿಗೆ ಸೇರಿದಂಗೆ ಕಾಣುತ್ತೆ, ನೆಟ್ಟಗಿರೋ ರೈಲು ಹಳಿ ದೂರಕ್ಕೆ ಹೋಗ್ತಾ ಕೂಡಿಕೊಂಡಂಗೆ ಕಾಣಲ್ವಾ, ಹಂಗೇ. ಸೂರ್ಯ ಮೇಲೆ ಬರ್ತಾ ಬರ್ತಾ ಅದು ಬೆಟ್ಟದ ಕಡೆಗೆ ಎಳ್ಕೊಂಡು ಮಾಯ ಆಗೋಗುತ್ತೆ.

ಮಂಡಿ ನೋವಿನ ಬಗ್ಗೆ ಕೊನೇಗೆ ಹೇಳ್ತಿದೀನಿ, ಯಾಕಂದ್ರೆ ಅದು ಬರೋದೂ ಕೊನೇಲೇ. ಹತ್ತೋದಲ್ಲ, ಇಳಿಯೋದು ಮಂಡಿ ತಿನ್ನೋದು. ಎರಡು ಕೋಲು ಬೇಕೇಬೇಕು, ಮಂಡಿಗೆ ಹಾಕೋ ಕ್ಯಾಪ್ ಇಳಿಯೋವಾಗ ಹಾಕಿಸಿ, ಇಳಿಯೋಕೆ ಹತ್ತಿದಷ್ಟೇ ಹೊತ್ತು ಕೊಡಿ. ಮನೇಲಿ ಎರಡು ತಿಂಗಳು ಮೊದಲಿಂದಲೇ ಮೆಟ್ಟಿಲು ಹತ್ತಿ ಇಳಿಯೋ ಅಭ್ಯಾಸ ಮಾಡಿಸಿ. ಅರ್ಧಕ್ಕೆ ಹೋಗಿ ಸಾಕು ಅನ್ಸಿದ್ರೆ ಅಲ್ಲೇ ಕೂತು ಕೈ ಮುಗಿದು ವಾಪಸ್ ಬನ್ನಿ, ಅದನ್ನ ಅಮ್ಮನಿಗೆ ಹೊರಡೋ ಮೊದಲೇ ಒಪ್ಪಿಸಿಟ್ಕೊಳ್ಳಿ.

ಪ್ರಶ್ನೆ: ಹಾರ್ಟನ್ ಪ್ಲೇನ್ಸ್‌ಗೆ ಹೋಗಿದ್ವಿ. ವರ್ಲ್ಡ್ಸ್ ಎಂಡ್ ಹತ್ರ ಹೋದಾಗ ಬರೀ ಬಿಳಿ ಮಂಜು. ದುಡ್ಡು ದಂಡ ಆಯ್ತು. ನಮ್ಮ ಅದೃಷ್ಟ ಸರಿ ಇರ್ಲಿಲ್ವಾ?

ಎಷ್ಟು ಗಂಟೆಗೆ ತಲುಪಿದ್ರಿ ಅಂತ ನೀವು ಬರೆದಿಲ್ಲ, ಹತ್ತೂವರೆ ಹನ್ನೊಂದು ಇರ್ಬೇಕು ಅಂತ ನನ್ನ ಊಹೆ. ಹೋಟೆಲಲ್ಲಿ ತಿಂಡಿ ಮುಗಿಸ್ಕೊಂಡು ಹೊರಟೋರಿಗೆಲ್ಲ ಹಿಂಗೇ ಆಗೋದು. ಆ ಬಯಲು ಎರಡು ಸಾವಿರ ಮೀಟರ್‌ಗಿಂತ ಮೇಲಿದೆ, ದಕ್ಷಿಣದ ಅಂಚಲ್ಲಿ, ಅದೇ ವರ್ಲ್ಡ್ಸ್ ಎಂಡ್, ಒಮ್ಮೆಲೇ 800 ಮೀಟರ್‌ಗಿಂತ ಜಾಸ್ತಿ ಆಳಕ್ಕೆ ಕಡಿದು ಬೀಳುತ್ತೆ. ಬಿಸಿಲೇರಿದಂಗೆ ಕೆಳಗಿನ ಬಿಸಿ ತೇವದ ಗಾಳಿ ಆ ಗೋಡೆಗುಂಟ ಮೇಲೆ ಬರುತ್ತೆ, ಮೇಲೆ ಬರ್ತಾ ತಣ್ಣಗಾಗಿ ಮೋಡ ಆಗುತ್ತೆ, ಮೋಡ ಹುಟ್ಟೋ ಜಾಗದಲ್ಲೇ ನೀವು ನಿಂತಿರ್ತೀರಿ. ಒಂಬತ್ತರ ಒಳಗೆ ಅಲ್ಲಿರ್ಬೇಕು. ನುವರ ಎಲಿಯದಿಂದ ಸುಮಾರು 32 ಕಿಲೋಮೀಟರ್ ದಾರಿ, ಬೆಳಗ್ಗೆ ಗೇಟು ತೆಗೆಯೋವಾಗಲೇ ಕ್ಯೂನಲ್ಲಿ ಇದ್ರೆ ಸರಿಹೋಗುತ್ತೆ.

ಸುತ್ತು ಹಾಕೋ ದಾರಿ ಒಂಬತ್ತು ಕಿಲೋಮೀಟರ್ ಚಿಲ್ಲರೆ, ಬೇಕರ್ಸ್ ಫಾಲ್ಸ್ ಕೂಡ ಅದೇ ದಾರೀಲಿ ಬರುತ್ತೆ. ಫಾಲ್ಸ್ ಮೊದಲು ನೋಡೋಣ ಅಂತ ಹೋಗ್ಬೇಡಿ, ಅದು ಎಲ್ಲಿಗೂ ಓಡಿಹೋಗಲ್ಲ, ಮೊದಲು ಕಣಿವೆ ಅಂಚಿಗೆ ಹೋಗಿ. ಮಂಜು ಬಂದಿದ್ರೂ ತಕ್ಷಣ ತಿರುಗಿ ಹೊರಡಬೇಡಿ. ನಾನು ಒಂದ್ಸಲ ಮುಕ್ಕಾಲು ಗಂಟೆ ಕಲ್ಲಿನ ಮೇಲೆ ಕೂತಿದ್ದೆ, ಎದುರಿಗೆ ಸುಣ್ಣ ಬಳಿದ ಗೋಡೆ ತರ, ಇದ್ದಕ್ಕಿದ್ದಂಗೆ ಅದರಲ್ಲಿ ಒಂದು ಕಿಂಡಿ ಬಿಟ್ಕೊಂಡು ಕೆಳಗೆ ಎಲ್ಲೋ ಪಾತಾಳದಲ್ಲಿ ಟೀ ತೋಟ, ಒಂದು ತಗಡಿನ ಮಾಡು ಬಿಸಿಲಿಗೆ ಮಿಂಚಿದ್ದು ಕಾಣಿಸ್ತು, ಎರಡು ನಿಮಿಷ ಅಷ್ಟೇ, ಮುಚ್ಕೊಂಡ್ತು. ಮತ್ತೆ ಮಂಜಿನಲ್ಲೇ ಆ ಕಾಡಿನ ಚಂದ ಇರೋದು. ಗಿಡ್ಡ ಗಿಡ್ಡ ಮರ, ಕೊಂಬೆ ತುಂಬ ಪಾಚಿ, ಕೆಂಪು ರೋಡೋಡೆಂಡ್ರಾನ್ ಹೂವು, ಹುಲ್ಲಲ್ಲಿ ಕಡವೆ. ದುಡ್ಡು ದಂಡ ಅಂತ ಅನ್ಕೋಬೇಡಿ ದಯವಿಟ್ಟು.

ಗೇಟಲ್ಲಿ ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ಕವರ್ ತೆಗೆಸ್ತಾರೆ ಅಂತ ಕೆಲವರು ಬೇಜಾರಾಗಿ ಬರೆದಿದೀರಿ. ಅವ್ರು ಮಾಡ್ತಿರೋದು ಸರಿ. 2010ರಲ್ಲಿ ಈ ಬಯಲು, ಶ್ರೀಪಾದದ ಕಾಡು, ನಕಲ್ಸ್ ಬೆಟ್ಟಸಾಲು ಮೂರನ್ನೂ ಸೇರಿಸಿ ಯುನೆಸ್ಕೋದೋರು ವಿಶ್ವ ಪರಂಪರೆ ತಾಣ ಅಂತ ಘೋಷಿಸಿದಾರೆ, ಬಿಸ್ಕೆಟ್‌ನ ಸ್ಟೀಲ್ ಡಬ್ಬೀಲಿ ಹಾಕ್ಕೊಂಡು ಹೋದ್ರೆ ನಮಗೇನೂ ಕಳ್ಕೊಳ್ಳೋದಿಲ್ಲ.

ಪ್ರಶ್ನೆ: ಶ್ರೀಲಂಕಾದ ಅತಿ ಎತ್ತರದ ಶಿಖರ ಪಿದುರುತಲಾಗಲ ಟ್ರೆಕ್ ಬಗ್ಗೆ ಹೇಳಿ.

2524 ಮೀಟರ್, ಆದ್ರೆ ಟ್ರೆಕ್ ಇಲ್ಲ. ಮೇಲೆ ಸಂಪರ್ಕ ಗೋಪುರಗಳು, ಸೇನೆಯ ಕಾವಲು, ವಾಹನದಲ್ಲೇ ಹೋಗಿ ಬರ್ಬೇಕು. ಕಾಲಲ್ಲಿ ನಡೀಬೇಕು ಅಂದ್ರೆ ಹಾರ್ಟನ್ ಪ್ಲೇನ್ಸ್ ಒಳಗೆ ತೋಟುಪೊಲ ಕಂದ ಇದೆ, ಪಟ್ಟಿಪೊಲ ಕಡೆಯ ಗೇಟಿನಿಂದ ಒಳಗೆ ಹೋದ್ಮೇಲೆ ರಸ್ತೆ ಪಕ್ಕದಿಂದಲೇ ಹತ್ತಬಹುದು, ಮಕ್ಕಳೂ ಹತ್ತುತ್ತಾರೆ.

ಪ್ರಶ್ನೆ: ನಕಲ್ಸ್‌ಗೆ ಗೈಡ್ ಬೇಕೇಬೇಕಾ? ಜಿಗಣೆ ಕಾಟ ತುಂಬಾ ಅಂತ ಕೇಳಿದೀನಿ, ಭಯ ಆಗ್ತಿದೆ.

ಗೈಡ್ ಬೇಕು. ದೂರದಿಂದ ನೋಡಿದ್ರೆ ಮುಷ್ಟಿ ಹಿಡಿದ ಕೈಯ ಗೆಣ್ಣುಗಳ ತರ ಕಾಣುತ್ತೆ ಅಂತ ಬ್ರಿಟಿಷರು ಇಟ್ಟ ಹೆಸರು ಅದು, ಅಲ್ಲಿಯೋರು ದುಂಬರ ಅಂತಾರೆ. ಒಂದು ಗೆಣ್ಣಿಂದ ಇನ್ನೊಂದಕ್ಕೆ ಹೋಗೋವಾಗ ಮಂಜು ಕವಿದ್ರೆ ದಾರಿ ಕವಲೊಡೆದಿದ್ದೇ ಗೊತ್ತಾಗಲ್ಲ. ಮೀಮುರೆ ತರದ ಹಳ್ಳಿಗಳಲ್ಲಿ ಉಳ್ಕೊಂಡು ಆ ಊರಿನೋರನ್ನೇ ಜೊತೆಗೆ ಕರ್ಕೊಳ್ಳಿ, ದುಡ್ಡೂ ಅವರ ಮನೆಗೇ ಹೋಗುತ್ತೆ. ಅರಣ್ಯ ಇಲಾಖೆ ಟಿಕೆಟ್ ಬಗ್ಗೆನೂ ಅವ್ರನ್ನೇ ಕೇಳಿ.

ಜಿಗಣೆ, ಅದೇ ಉಂಬಳ, ಇರೋದು ನಿಜ. ಮಳೆ ಬಿದ್ದ ಮಾರನೇ ದಿನ ಎಲೆ ಎಲೆ ತುದೀಲೂ ಎದ್ದು ನಿಂತು ತಲೆ ಆಡಿಸ್ತಿರುತ್ತೆ. ಆದ್ರೆ ರಕ್ತ ಸ್ವಲ್ಪ ಹೋಗೋದು ಬಿಟ್ರೆ ದೊಡ್ಡ ಅಪಾಯ ಏನಿಲ್ಲ. ಪ್ಯಾಂಟನ್ನ ಸಾಕ್ಸ್ ಒಳಗೆ ತುರುಕಿ, ಒತ್ತಾಗಿ ನೇಯ್ದ ಉದ್ದ ಸಾಕ್ಸ್ ಸಿಕ್ರೆ ಅದನ್ನೇ ಹಾಕಿ, ನಿಂತಲ್ಲಿ ನಿಲ್ಲಬೇಡಿ. ಹತ್ಕೊಂಡಿದ್ರೆ ಹಿಡಿದು ಜೋರಾಗಿ ಎಳೀಬೇಡಿ, ಬೆಂಕಿನೂ ಇಡಬೇಡಿ. ಬಾಯಿರೋ ಸಣ್ಣ ತುದಿ ಹತ್ರ ಉಗುರನ್ನ ಚರ್ಮಕ್ಕೆ ಒತ್ತಿ ಮೆಲ್ಲಗೆ ಸರಿಸಿದ್ರೆ ಬಿಟ್ಕೊಳ್ಳುತ್ತೆ. ರಕ್ತ ಹೆಪ್ಪುಗಟ್ಟದಂಗೆ ಮಾಡೋ ವಸ್ತು ಅದರ ಎಂಜಲಲ್ಲಿ ಇರೋದ್ರಿಂದ ಗಾಯ ತುಂಬಾ ಹೊತ್ತು ಸೋರುತ್ತೆ, ಗಾಬರಿ ಬೀಳ್ಬೇಡಿ, ತೊಳೆದು ಬಿಗಿಯಾಗಿ ಬಟ್ಟೆ ಕಟ್ಟಿ. ಕೆರೀಬೇಡಿ, ಕೆರೆದ್ರೆ ಮಾತ್ರ ಕೀವಾಗೋದು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಡಾಕ್ಟರ್ ಹತ್ರ ಮೊದಲೇ ಮಾತಾಡಿ.

ಪ್ರಶ್ನೆ: ನಾನು ಒಬ್ಬಳೇ 'ಎಲ್ಲ' (Ella) ಅನ್ನೋ ಬೆಟ್ಟದೂರಿಗೆ ಹೋಗ್ತಿದೀನಿ. ಅಲ್ಲಿಯ 'ಎಲ್ಲ ರಾಕ್' ಬೆಟ್ಟಕ್ಕೆ ರೈಲು ಹಳಿ ಮೇಲೆ ನಡ್ಕೊಂಡು ಹೋಗೋದು ಅಂತ ಪ್ರತಿ ವಿಡಿಯೋದಲ್ಲೂ ತೋರಿಸ್ತಾರೆ, ಸೇಫಾ?

ಹಳಿ ಮೇಲೆ ಬೇಡ ತಂಗಿ. ರೈಲು ತಡವಾಗಿ ಬರೋ ದಾರಿ ಅದು, ಈ ಹೊತ್ತಿಗೆ ಯಾವುದೂ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬೋ ಹಾಗಿಲ್ಲ, ತಿರುವು ಜಾಸ್ತಿ, ಮಂಜಲ್ಲಿ ಸದ್ದೂ ಸರಿಯಾಗಿ ಕೇಳಲ್ಲ. ಉಳ್ಕೊಂಡಿರೋ ಮನೆಯೋರನ್ನ ಕೇಳಿದ್ರೆ ಟೀ ತೋಟದೊಳಗಿನ ದಾರಿ ತೋರಿಸ್ತಾರೆ. 1921ರಲ್ಲಿ ಕಟ್ಟಿದ ಒಂಬತ್ತು ಕಮಾನಿನ ಸೇತುವೆ ಹತ್ರನೂ ಅಷ್ಟೇ, ಪಕ್ಕದ ಗುಡ್ಡದಿಂದ ನೋಡಿದ್ರೆ ಇಡೀ ಸೇತುವೆ ಕಾಣುತ್ತೆ, ಮೇಲೆ ಹೋಗಿ ನಿಂತ್ರೆ ಸೇತುವೆನೇ ಕಾಣಲ್ಲ. ರೈಲು ಬಾಗಿಲಿಗೆ ನೇತಾಡಿ ಫೋಟೋ ತೆಗೆಸ್ಕೊಳ್ಳೋಕೆ ಹೋಗಿ ಬಿದ್ದು ಸತ್ತಿರೋ ಪ್ರವಾಸಿಗಳಿದಾರೆ, ಅದನ್ನೂ ಮಾಡ್ಬೇಡಿ.

ಒಬ್ಬಳೇ ಅಂತ ಹೆದರ್ಕೋಬೇಡಿ, ಮೊದಲ ದಿನ ಲಿಟಲ್ ಆಡಮ್ಸ್ ಪೀಕ್‌ಗೆ ಹೋಗಿ, ಸುಲಭದ ದಾರಿ, ಬೆಳಗ್ಗೆ ಜನಾನೂ ಇರ್ತಾರೆ. ಸ್ವಲ್ಪ ತಮಿಳು ಬರುತ್ತೆ ಅಂತ ಬರೆದಿದೀರಲ್ಲ, ಅದು ಟೀ ತೋಟಗಳಲ್ಲಿ ತುಂಬಾ ಉಪಯೋಗಕ್ಕೆ ಬರುತ್ತೆ, ಅಲ್ಲಿ ಎಲೆ ಕೀಳೋ ಹೆಂಗಸರಲ್ಲಿ ತುಂಬಾ ಜನ ತಮಿಳರು, ಬ್ರಿಟಿಷರ ಕಾಲದಲ್ಲಿ ತಮಿಳುನಾಡಿಂದ ಕರ್ಕೊಂಡು ಹೋದವರ ಮಕ್ಕಳು ಮೊಮ್ಮಕ್ಕಳು. 'ಅಕ್ಕಾ, ವಳಿ ಎಂಗೆ' ಅಂತ ಕೇಳಿದ್ರೆ ಬುಟ್ಟಿ ಇಳಿಸಿ ಎರಡು ತಿರುವು ಜೊತೇಲೇ ಬಂದು ದಾರಿ ತೋರಿಸಿದ್ದು ನಂಗಾಗಿದೆ. ಫೋಟೋ ತೆಗೆಯೋ ಮೊದಲು ಅವ್ರನ್ನ ಒಂದ್ ಮಾತು ಕೇಳಿ. ಹೊರಡೋವಾಗ ಎಲ್ಲಿಗೆ ಹೋಗ್ತಿದೀನಿ, ಎಷ್ಟೊತ್ತಿಗೆ ವಾಪಸ್ ಅಂತ ಒಂದು ಚೀಟಿ ಬರೆದು ಮನೆಯೋರ ಕೈಗೆ ಕೊಟ್ಟು ಹೋಗಿ.