46ನೇ ದಿನದ ಅವಸರ

ಸುಮಿತ್ರಾ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೇಳಿದರು: "ಮೇಡಂ, ಇನ್ನು 26 ದಿನ ಕಳೆದ್ರೆ ಮತ್ತೆ ಬರೀಬಹುದು. ಅಷ್ಟರೊಳಗೆ ನನ್ನ ತಲೆ ಸರಿ ಮಾಡಿಕೊಡ್ತೀರಾ?"

ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ವಯಸ್ಸು 31, ಹಾಸನದ ಕಡೆಯವರು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಏಳು ವರ್ಷದ ಕೆಲಸ. ಅಮೆರಿಕದಲ್ಲಿ ನರ್ಸ್ ಆಗಲು ಬರೆಯಲೇಬೇಕಾದ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆದಿದ್ದರು. ಪಾಸಾಗಿರಲಿಲ್ಲ. ಫೇಲಾದವರು ಮತ್ತೆ ಬರೆಯಲು 45 ದಿನ ಕಾಯಬೇಕೆಂಬುದು ನಿಯಮ. ಅವರು ಸಮಾಲೋಚನೆಗೆಂದು ನನ್ನ ಬಳಿ ಬಂದದ್ದು 19ನೇ ದಿನ.

ಆ 19 ದಿನವೂ ಮನೆಯಲ್ಲಿ "ರಿಸಲ್ಟ್ ಇನ್ನೂ ಬಂದಿಲ್ಲ" ಎಂದೇ ಹೇಳಿಕೊಂಡು ಬಂದಿದ್ದರು. ತವರಿನಲ್ಲಿ ಕೊಟ್ಟ ಅವಲಕ್ಕಿ ಸರವನ್ನು ಕೋಚಿಂಗ್ ಫೀಸಿಗೆಂದು ಗಂಡನಿಗೂ ಹೇಳದೆ ಅಡ ಇಟ್ಟಿದ್ದರು. "ಲಾಕರಿನಲ್ಲಿದೆ ಅಂದಿದ್ದೀನಿ ಮೇಡಂ. ಅತ್ತೆ ಎರಡು ಸಲ ಕೇಳಿದ್ರು." ಹೇಳುವಾಗ ಅವರ ಕೈ ಖಾಲಿ ಕುತ್ತಿಗೆಯ ಮೇಲೇ ಇತ್ತು.

ಮೊದಲ ಭೇಟಿಯಲ್ಲಿ ನಾನು ಪರೀಕ್ಷೆಯ ಮಾತೇ ಎತ್ತಲಿಲ್ಲ. ನಿದ್ದೆ ಎಷ್ಟು, ಊಟ ಸೇರುತ್ತಿದೆಯೇ ಎಂದು ಕೇಳಿದೆ. ಬದುಕೇ ಬೇಡ ಅನ್ನಿಸಿದ್ದುಂಟೇ ಎಂದೂ ನೇರವಾಗಿಯೇ ಕೇಳಿದೆ. ಇಂಥವರನ್ನು ಇದನ್ನು ಕೇಳದೆ ಕಳಿಸಬಾರದು. ಇಲ್ಲವೆಂದರು. ಆದರೂ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲಿ ನನ್ನೆದುರೇ ಸೇವ್ ಮಾಡಿಸಿದೆ. ನಡುರಾತ್ರಿ ಡ್ಯೂಟಿಯ ಮಧ್ಯೆ ಕಂಗೆಟ್ಟರೆ ಕನ್ನಡದಲ್ಲಿ ಮಾತಾಡುವ ಒಂದು ದನಿ ಸಿಗಲಿ ಎಂದು.

ಅವರಿಗೆ 46ನೇ ದಿನ ಬೇಕಾಗಿದ್ದದ್ದು ಪಾಸಾಗಲಿಕ್ಕಲ್ಲ ಎಂಬುದು ನನಗೆ ಕಂಡದ್ದು ಅಲ್ಲೇ. ಮೊದಲ ಫಲಿತಾಂಶವನ್ನು ಯಾರಿಗೂ ಹೇಳದೆ ಎರಡನೆಯದರ ಕೆಳಗೆ ಮುಚ್ಚಿಬಿಡಲು ಆ ದಿನ ಬೇಕಾಗಿತ್ತು. ಅವಮಾನ ಗೊತ್ತುಮಾಡಿದ ತಾರೀಕಿಗೆ ಓದಿನ ಲೆಕ್ಕ ಗೊತ್ತಿರುವುದಿಲ್ಲ. ಅದಕ್ಕೇ ಅವರಿಗೆ ಕೊಟ್ಟ ಮೊದಲ ಸಲಹೆ ಓದಿನದಲ್ಲ: ಈ ವಾರ ಗಂಡನಿಗೆ ಹೇಳಿ, ಸರದ ವಿಷಯವನ್ನೂ ಸೇರಿಸಿ ಹೇಳಿ, "ಮುಂದೇನು ಅಂತ ಒಂದು ವಾರ ಕೇಳಬೇಡಿ" ಅಂತಲೂ ಹೇಳಿ.

ಎರಡನೇ ಸಲ ಬಂದಾಗ ಮುಖ ಸ್ವಲ್ಪ ಇಳಿದಿತ್ತು, ಆದರೆ ಕಣ್ಣು ಚೆನ್ನಾಗಿತ್ತು. "ಫೇಲಾಗಿದ್ದಕ್ಕೆ ನಮ್ಮನೆಯವರು ಏನೂ ಅನ್ನಲಿಲ್ಲ. ಸರಕ್ಕೆ ಬೈದ್ರು, ಎರಡು ದಿನ ಮಾತು ಬಿಟ್ರು. ಆದ್ರೆ ಆವತ್ತು ರಾತ್ರಿ ನಿದ್ದೆ ಬಂತು ಮೇಡಂ."

ಆ ದಿನವೇ ನಾವಿಬ್ಬರೂ ಅವರ ರಿಪೋರ್ಟ್ ತೆರೆದೆವು. ಫೇಲಾದವರಿಗೆ ಬರುವ ಆ ಹಾಳೆಯಲ್ಲಿ ಅಂಕ ಇರುವುದಿಲ್ಲ. ಒಂದೊಂದು ವಿಭಾಗದಲ್ಲೂ ಪಾಸಿನ ಮಟ್ಟಕ್ಕಿಂತ ಮೇಲೋ, ಹತ್ತಿರವೋ, ಕೆಳಗೋ ಎಂದಷ್ಟೇ ಇರುತ್ತದೆ. ಅವರು ಅದನ್ನು ಫೋನಿಗೆ ಇಳಿಸಿಕೊಂಡಿದ್ದರು, ತೆರೆದಿರಲಿಲ್ಲ. ತೀವ್ರ ಕಾಯಿಲೆಯ ರೋಗಿಗಳ ವಿಭಾಗದಲ್ಲಿ ಮೇಲೆ, ಔಷಧಗಳಲ್ಲಿ ಹತ್ತಿರ. ಕೆಳಗಿದ್ದದ್ದು ಆರೈಕೆಯ ನಿರ್ವಹಣೆಯಲ್ಲಿ, ಅಂದರೆ ಯಾವ ರೋಗಿಯನ್ನು ಮೊದಲು ನೋಡಬೇಕು, ಯಾವ ಕೆಲಸವನ್ನು ಯಾರಿಗೆ ವಹಿಸಬೇಕು ಎಂಬುದರಲ್ಲಿ. ಹೆಚ್ಚು ಪ್ರಶ್ನೆ ಬರುವುದೂ ಅಲ್ಲಿಂದಲೇ.

ನಾನು ನರ್ಸ್ ಅಲ್ಲ. ಹಾಗಾಗಿ ತಪ್ಪಿದ ಅಭ್ಯಾಸ ಪ್ರಶ್ನೆಯೊಂದನ್ನು ನನಗೆ ಅರ್ಥವಾಗುವಂತೆ ಬಿಡಿಸಿ ಹೇಳಿ ಎಂದೆ. ರಕ್ತ ಹಾಕಲು ಶುರುಮಾಡಿ ಹತ್ತು ನಿಮಿಷಕ್ಕೆ ರೋಗಿಗೆ ಚಳಿ, ನಡುಕ, ಬೆನ್ನುನೋವು. ನರ್ಸ್ ಮೊದಲು ಏನು ಮಾಡಬೇಕು? ಅವರು ಗುರುತು ಹಾಕಿದ್ದು, ಡಾಕ್ಟರಿಗೆ ತಿಳಿಸುವುದು.

"ವಾರ್ಡಿನಲ್ಲಿ ನಿಜವಾಗಿ ಹೀಗಾದ್ರೆ?" ಎಂದೆ.

ಉತ್ತರಕ್ಕೆ ಮುಂಚೆ ಅವರ ಬಲಗೈ ಮೇಲೆದ್ದಿತು. ಹೆಬ್ಬೆರಳು ಗಾಳಿಯಲ್ಲೇ ಕೆಳಕ್ಕೆ ಉರುಳಿತು, ಡ್ರಿಪ್ ಸೆಟ್ಟಿನ ಚಕ್ರ ತಿರುಗಿಸಿ ರಕ್ತ ನಿಲ್ಲಿಸುವ ಹಾಗೆ. ಆಮೇಲೆ, "ಸರ್‌ಗೆ ಕಾಲ್ ಮಾಡ್ತೀನಿ" ಎಂದರು. ತಮ್ಮ ಕೈಯನ್ನೇ ನೋಡಿಕೊಂಡು ಸುಮ್ಮನಾದರು.

ಮೊದಲು ರಕ್ತ ನಿಲ್ಲಿಸಬೇಕೆಂಬುದು ಕೈಗೆ ಗೊತ್ತಿತ್ತು. ಏಳು ವರ್ಷ "ಡಾಕ್ಟರ್ ಹೇಳಿದಂತೆ" ಎಂದು ಬರೆದು ಬರೆದು, ಕೈ ಮಾಡಿದ ಕೆಲಸಕ್ಕೆ ಮಾತಿನಲ್ಲಿ ಜಾಗವೇ ಇಲ್ಲದಂತಾಗಿತ್ತು. ಪರೀಕ್ಷೆ ಕೇಳುವುದು ಆ ಕೈಯನ್ನು. ನಮ್ಮ ಆಸ್ಪತ್ರೆಗಳು ಸಿಸ್ಟರುಗಳ ನಿರ್ಧಾರಗಳನ್ನು ಅವರದೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೊನೆಗೆ ಅವರೂ ಹಿಡಿಯುವುದಿಲ್ಲ. ಇದು ನನಗೆ ತುಂಬಾ ನೋವಿನ ಸಂಗತಿ.

ಇನ್ನೊಂದು ಪೆಟ್ಟು ಪರೀಕ್ಷೆಯ ನಡುವೆಯೇ ಬಿದ್ದಿತ್ತು. ಈ ಪರೀಕ್ಷೆಯಲ್ಲಿ ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ. ನೀವು ಉತ್ತರಿಸಿದಂತೆ ಮುಂದಿನ ಪ್ರಶ್ನೆಯನ್ನು ಕಂಪ್ಯೂಟರ್ ಆರಿಸುತ್ತದೆ. ಪಾಸೋ ಫೇಲೋ ಎಂಬುದು ಶೇ. 95ರಷ್ಟು ಖಚಿತವಾದಾಗ ನಿಲ್ಲುತ್ತದೆ. ಸುಮಿತ್ರಾ ಜೊತೆ ಓದಿದವರೊಬ್ಬರು 85ಕ್ಕೇ ಪಾಸಾಗಿದ್ದರು. ಇವರಿಗೆ 86ನೇ ಪ್ರಶ್ನೆ ತೆರೆದುಕೊಂಡಿತು. "ಅಲ್ಲಿಗೆ ನನ್ನ ಕಥೆ ಮುಗೀತು ಅನ್ಕೊಂಡೆ. ಆಮೇಲೆ ಓದಲೇ ಇಲ್ಲ ಮೇಡಂ, ಸುಮ್ನೆ ಒತ್ತುತ್ತಾ ಹೋದೆ." ಪರೀಕ್ಷೆ ನಿಲ್ಲಲಿಲ್ಲ ಎಂದರೆ ಕಂಪ್ಯೂಟರಿಗೆ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ, ಅವರು ಪಾಸಿನ ಗೆರೆಯ ಆಸುಪಾಸಿನಲ್ಲೇ ಇದ್ದರು ಎಂದರ್ಥ. 150ರವರೆಗೂ ಅವರಿಗೆ ಅವಕಾಶ ತೆರೆದೇ ಇತ್ತು. ಇದನ್ನು ಕೇಳಿದಾಗಲೇ ಅವರು ಮೊದಲ ಬಾರಿಗೆ ಅತ್ತದ್ದು. ನಾನು ತಡೆಯಲಿಲ್ಲ.

ಫೇಲ್ ಎಂದೊಡನೆ ನಮ್ಮಲ್ಲಿ ಎಲ್ಲರೂ ಹೇಳುವುದು "ಇನ್ನೂ ಜಾಸ್ತಿ ಓದು" ಎಂದು. ಸುಮಿತ್ರಾ ಮೂರು ಸಾವಿರಕ್ಕೂ ಹೆಚ್ಚು ಪ್ರಶ್ನೆ ಬಿಡಿಸಿದ್ದರು, ಅದೂ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಕೂತು. ನಾನು ಅರ್ಧಕ್ಕೆ ಇಳಿಸಿ ಎಂದೆ. ನೈಟ್ ಮುಗಿಸಿ ಬಂದ ದಿನ ಪುಸ್ತಕ ಮುಟ್ಟಬಾರದು, ಮಲಗಬೇಕು. ರಜೆಯ ದಿನ, ಇಲ್ಲವೇ ನಿದ್ದೆ ತೀರಿಸಿ ಡ್ಯೂಟಿಗೆ ಹೊರಡುವ ಮುನ್ನ, 40 ಪ್ರಶ್ನೆ ಸಾಕು. ಪ್ರತಿ ತಪ್ಪಿಗೂ ಸರಿಯುತ್ತರ ಬರೆದುಕೊಳ್ಳುವುದು ಬೇಡ, "ನಾನು ಯಾಕೆ ಇದನ್ನು ಆರಿಸಿದೆ" ಎಂದು ಒಂದು ಸಾಲು ಬರೆಯಿರಿ. ಒಂದಕ್ಕಿಂತ ಹೆಚ್ಚು ಉತ್ತರ ಆರಿಸುವ ಪ್ರಶ್ನೆಯಲ್ಲಿ ಇರಲಿ ಅಂತ ಇನ್ನೊಂದು ಟಿಕ್ ಹಾಕುವ ಅಭ್ಯಾಸ ಅವರಿಗಿತ್ತು. 2023ರ ಏಪ್ರಿಲ್‌ನಿಂದ ಅಲ್ಲಿ ತಪ್ಪು ಟಿಕ್ಕಿಗೆ ಗಳಿಸಿದ ಅಂಕವೇ ಕಳೆಯುತ್ತದೆ. ಪರೀಕ್ಷೆಗೆ ಮುಂಚೆ ಎರಡು ಸಲವಾದರೂ ಪೂರ್ತಿ 150 ಪ್ರಶ್ನೆ ಒಂದೇ ಕೂರಿಕೆಯಲ್ಲಿ ಬಿಡಿಸಬೇಕು, 86 ಎಂಬ ಅಂಕಿ ಕಣ್ಣಿಗೆ ಮಾಮೂಲಾಗುವಷ್ಟು.

ತಾರೀಕಿನ ಬಗ್ಗೆ ಮಾತ್ರ ಹಟ ಹಿಡಿದೆ: 46ನೇ ದಿನಕ್ಕೇ ಬೇಡ. ಮತ್ತೆ ಬರೆಯಲು 200 ಡಾಲರ್, ಬೆಂಗಳೂರಿನಲ್ಲಿ ಬರೆಯಲು ಮೇಲೆ 150 ಡಾಲರ್, ಅದರ ಮೇಲೆ ತೆರಿಗೆ. ಆ ದುಡ್ಡಿಗೆ ಇನ್ನೊಂದು ಒಡವೆ ಅಡ ಇಡುವುದಾದರೆ ಬರೆಯುವುದೇ ಬೇಡ ಎಂದೆ. ಸಂಬಳದಲ್ಲಿ ಉಳಿಸುವಷ್ಟು ತಿಂಗಳು ಹೇಗೂ ಓದಿಗೂ ಬೇಕಿತ್ತು.

ಆರು ವಾರದ ಮೇಲೆ ನೋಟ್‌ಬುಕ್ ತಂದು ತೋರಿಸಿದರು. 64 ತಪ್ಪುಗಳಲ್ಲಿ "ಗೊತ್ತಿರಲಿಲ್ಲ" ಎಂದಿದ್ದದ್ದು 11 ಕಡೆ, ಹೆಚ್ಚಿನವು ಔಷಧದ ಹೆಸರು. ಇಲ್ಲಿನ ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೊಫೆನ್, ಇಲ್ಲಿನ ಸಾಲ್ಬುಟಮಾಲ್ ಅಲ್ಲಿ ಅಲ್ಬುಟೆರಾಲ್. ಅದು ವಾರದ ಕೆಲಸ. ಉಳಿದ ಪುಟಗಳಲ್ಲಿ ಮತ್ತೆ ಮತ್ತೆ ಎರಡೇ ಸಾಲು: "ಡಾಕ್ಟರ್‌ನ ಕರೆದೆ", "ಅವಸರ ಮಾಡಿದೆ". ಕೊನೆಯ ಪುಟಗಳಿಗೆ ಬರುವಾಗ ಮೊದಲನೆಯದು ಅಪರೂಪವಾಗಿತ್ತು.

ಈಗ ತಾರೀಕು ಗೊತ್ತಾಗಿದೆ, 46ನೇ ದಿನದಿಂದ ಮೂರು ತಿಂಗಳು ಆಚೆ. ಪರೀಕ್ಷೆಯ ಹಿಂದಿನ ಎರಡು ರಾತ್ರಿಗೆ ರಜೆ ಬರೆದುಕೊಟ್ಟಿದ್ದಾರೆ. ಸರ ಇನ್ನೂ ಬಿಡಿಸಿಕೊಂಡಿಲ್ಲ, ಅತ್ತೆಗೂ ವಿಷಯ ಗೊತ್ತು. ಪರೀಕ್ಷೆಯ ದಿನ ಗಂಡ ಜೊತೆಗೆ ಬರುತ್ತಾರಂತೆ. "ಎಷ್ಟೊತ್ತಾದ್ರೂ ಕೂತಿರ್ತೀನಿ, 150 ಆದ್ರೂ ಪರವಾಗಿಲ್ಲ ಅಂದ್ರು ಮೇಡಂ."